ನೀರೊಳಗಿನ ಎಮ್ಮೆಗೆ 37 ಲಕ್ಷ ಡಾಲರ್

ಹಳೆಯ ಟ್ರೇಡಿಂಗ್ ಕಾರ್ಡುಗಳ ಸೀಲ್ ಒಡೆಯದ ಪೆಟ್ಟಿಗೆ ಒಂದು ‘ಸುರಕ್ಷಿತ ಹೂಡಿಕೆ’ ಎಂಬ ಮಾತು ಈ ವಾರ ಮತ್ತೆ ಕಿವಿಗೆ ಬಿತ್ತು. ಆ ಎರಡು ಪದಗಳಲ್ಲಿ ಒಂದೂ ಅಲ್ಲಿಗೆ ಸಲ್ಲುವುದಿಲ್ಲ. ಹೂಡಿಕೆ ಎಂಬ ಪದದ ದುರ್ಬಳಕೆಯ ಬಗ್ಗೆ ನನಗೆ ಮೊದಲಿನಿಂದಲೂ ಸಿಟ್ಟು. ಹೂಡುವುದು ಎಂದರೆ ನೇಗಿಲು ಹೂಡುವುದು; ಹೂಡಿದ ಮೇಲೆ ನೆಲ ಏನನ್ನಾದರೂ ಕೊಡಬೇಕು. ಹೊಲ ಬೆಳೆ ಕೊಡುತ್ತದೆ, ಮನೆ ಬಾಡಿಗೆ ಕೊಡುತ್ತದೆ, ಠೇವಣಿ ಬಡ್ಡಿ ಕೊಡುತ್ತದೆ. ಕಪಾಟಿನಲ್ಲಿ ಕೂತ ರಟ್ಟಿನ ಪೆಟ್ಟಿಗೆ ಏನನ್ನೂ ಕೊಡುವುದಿಲ್ಲ. ಇನ್ನೊಬ್ಬರು ಹೆಚ್ಚು ದುಡ್ಡಿಗೆ ಕೊಂಡರಷ್ಟೇ ಅದರಿಂದ ಗಳಿಕೆ. ಚಿನ್ನವೂ ಬೆಳೆ ಕೊಡುವುದಿಲ್ಲವಲ್ಲ ಎಂದು ಕೇಳಬಹುದು. ಆದರೆ ಚಿನ್ನವನ್ನು ಒರೆಗೆ ಹಚ್ಚಬಹುದು, ತೂಗಬಹುದು, ಕರಗಿಸಿಯೂ ನೋಡಬಹುದು. ಅಷ್ಟಾದ ಮೇಲೂ ಅದು ಚಿನ್ನವೇ. ಈ ಪೆಟ್ಟಿಗೆ ಹಾಗಲ್ಲ. ಒಳಗೇನಿದೆ ಎಂದು ಪರೀಕ್ಷಿಸಿದ ಕ್ಷಣವೇ ಸೀಲಿಗೆ ಕೊಟ್ಟ ಬೆಲೆ ಹೋಗುತ್ತದೆ. ಕೊಂಡವರಿಗೆ ಕೊಂಡದ್ದನ್ನು ನೋಡುವ ಹಕ್ಕೇ ಇಲ್ಲದ ಸರಕು ಇದು. ನನ್ನ ತಕರಾರೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಲೆಕ್ಕದಿಂದಲೇ ಶುರು ಮಾಡೋಣ. ಕೆನಡಾದ ರೆಜೈನಾದಲ್ಲಿ ಸಿಕ್ಕ ಓ-ಪೀ-ಚೀ ಕಂಪನಿಯ 1979-80ರ ಐಸ್ ಹಾಕಿ ಕಾರ್ಡುಗಳ ಕೇಸು 2024ರ ಫೆಬ್ರವರಿಯಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 37.2 ಲಕ್ಷ ಡಾಲರಿಗೆ ಹೋದದ್ದನ್ನು ಓದಿದ್ದೀರಿ. ಅದರಲ್ಲಿ 16 ಪೆಟ್ಟಿಗೆ, ಪೆಟ್ಟಿಗೆಗೆ 48 ಪ್ಯಾಕು, ಪ್ಯಾಕಿಗೆ 14 ಕಾರ್ಡು, ಒಟ್ಟು 10,752. ಆ ವರ್ಷದ ಪೂರ್ಣ ಸೆಟ್ಟಿನಲ್ಲಿ 396 ಕಾರ್ಡುಗಳಿದ್ದವು. ಭಾಗಿಸಿದರೆ ಪ್ರತಿ ಆಟಗಾರನ ಸುಮಾರು 27 ಕಾರ್ಡು ಅದರೊಳಗೆ ಇರಬೇಕು. ಎಲ್ಲರ ಕಣ್ಣು ಇದ್ದದ್ದು ಒಬ್ಬನ ಮೇಲೆ, ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡಿನ ಮೇಲೆ. ಕಾರ್ಡಿನ ಸ್ಥಿತಿ ನೋಡಿ ದರ್ಜೆ ಕೊಡುವ ಪಿಎಸ್‌ಎ ಸಂಸ್ಥೆಯಿಂದ ಹತ್ತಕ್ಕೆ ಹತ್ತು ಪಡೆದ ಒಂದು ಗ್ರೆಟ್ಸ್ಕಿ 2021ರಲ್ಲಿ 37.5 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಒಂದು ಕಾರ್ಡಿನ ಬೆಲೆಗೆ ಇಪ್ಪತ್ತೇಳು ಸಿಗುವುದಾದರೆ ಅಗ್ಗವೇ ಅಲ್ಲವೇ? ಹಾಗೆ ಅನ್ನಿಸುವುದೇ ಈ ವ್ಯಾಪಾರದ ಬಂಡವಾಳ. ಆ ಹತ್ತಕ್ಕೆ ಹತ್ತು ದರ್ಜೆ ಅಷ್ಟು ವರ್ಷಗಳಲ್ಲಿ ಸಿಕ್ಕಿದ್ದು ಎರಡೇ ಗ್ರೆಟ್ಸ್ಕಿ ಕಾರ್ಡುಗಳಿಗೆ. ಓ-ಪೀ-ಚೀ ಕಾರ್ಡುಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು. ಅಂಚು ಒರಟು, ಚಿತ್ರ ಎಷ್ಟೋ ಸಲ ಒಂದು ಪಕ್ಕಕ್ಕೆ ವಾಲಿರುತ್ತದೆ. ಕಾರ್ಖಾನೆಯಲ್ಲೇ ಕೆಟ್ಟದ್ದನ್ನು ಯಾವ ಸೀಲೂ ಸರಿಮಾಡಲಾರದು. ದರ್ಜೆ ಹತ್ತರಿಂದ ಒಂಬತ್ತಕ್ಕೆ ಇಳಿದರೆ ಬೆಲೆ ಹತ್ತನೇ ಒಂದು ಭಾಗಕ್ಕೂ ಕೆಳಗೆ ಬೀಳುತ್ತದೆ. ಎಂಟಕ್ಕೆ ಇಳಿದರೆ ಅದು ಕೆಲವು ಹತ್ತು ಸಾವಿರ ಡಾಲರುಗಳ ಮಾತು. ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಎಂಟರ ದರ್ಜೆಯವೇ ಆದರೂ ಕೊಟ್ಟ ದುಡ್ಡಿನ ಅರ್ಧ ಹುಟ್ಟುವುದಿಲ್ಲ. ಉಳಿದ ಹತ್ತು ಸಾವಿರ ಚಿಲ್ಲರೆ ಕಾರ್ಡುಗಳು ಆ ಕೊರತೆಯನ್ನು ತುಂಬುವಂಥವಲ್ಲ.

ಇದು ಅಪರೂಪದ ಒಂದು ಕೇಸಿನ ಕಥೆ ಎನ್ನುವವರು ಈ ಪೇಟೆಯ ಅತಿ ಹೆಸರಾದ ಪೆಟ್ಟಿಗೆಯನ್ನೇ ತೆಗೆದುಕೊಳ್ಳಲಿ: 1986-87ರ ಫ್ಲಿಯರ್ ಬಾಸ್ಕೆಟ್‌ಬಾಲ್. 36 ಪ್ಯಾಕು, ಪ್ಯಾಕಿಗೆ 12 ಕಾರ್ಡು, 132 ಕಾರ್ಡುಗಳ ಸೆಟ್ಟು. ಅಂದರೆ ಪೆಟ್ಟಿಗೆಗೆ ಮೂರು ಚಿಲ್ಲರೆ ಮೈಕೆಲ್ ಜೋರ್ಡನ್. ಪಿಎಸ್‌ಎ ಈವರೆಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೋರ್ಡನ್ ಕಾರ್ಡುಗಳಿಗೆ ದರ್ಜೆ ಕೊಟ್ಟಿದೆ. ಅವುಗಳಲ್ಲಿ ಹತ್ತು ಸಿಕ್ಕಿದ್ದು ಮುನ್ನೂರು ಚಿಲ್ಲರೆಗೆ. ಆ ಇಪ್ಪತ್ತು ಸಾವಿರದಲ್ಲಿ ಮಕ್ಕಳ ಕೈಯಲ್ಲಿ ನಲುಗಿದವೂ ಇವೆ, ಪ್ಯಾಕಿನಿಂದ ಈಗಷ್ಟೇ ತೆಗೆದ ಕಾರ್ಡಿಗೆ ಅವಕಾಶ ಹೆಚ್ಚು ಎಂಬ ವಾದ ನ್ಯಾಯವಾದದ್ದೇ, ಒಪ್ಪುತ್ತೇನೆ. ಆದರೆ ಪ್ಯಾಕಿನೊಳಗೆ ಚೂಯಿಂಗ್ ಗಮ್ಮಿನ ಪಟ್ಟಿಯೂ ಇತ್ತು, ಹೊದಿಕೆಗೆ ಮೇಣವೂ ಇತ್ತು. ದಶಕಗಳ ಕಾಲ ಅವುಗಳಿಗೆ ಒತ್ತಿಕೊಂಡ ಕಾರ್ಡಿಗೆ ಕಲೆ ತಪ್ಪಿದ್ದಲ್ಲ. ಅವಕಾಶವನ್ನು ಎರಡು ಪಟ್ಟು, ಮೂರು ಪಟ್ಟು ಹಿಗ್ಗಿಸಿದರೂ ಒಡೆದವರಲ್ಲಿ ಹೆಚ್ಚಿನವರ ಪಾಲಿಗೆ ನಷ್ಟವೇ. ಬೆಲೆ ನಿಲ್ಲುವುದು ಎಲ್ಲಿಯವರೆಗೆ ಎಂದರೆ, ಯಾರೂ ಒಡೆದು ನೋಡದಿರುವವರೆಗೆ.

ಇನ್ನು ನಂಬಿಕೆಯ ಮಾತು. ಕಾರ್ಡಿನ ಬಗ್ಗೆ ಅನುಮಾನ ಬಂದರೆ ಭೂತಗನ್ನಡಿ ಹಿಡಿಯಬಹುದು. ಪೆಟ್ಟಿಗೆಯ ವಿಷಯದಲ್ಲಿ ತಜ್ಞರಿಗೂ ಕಾಣುವುದು ಹೊರಮೈ ಮಾತ್ರ: ಪ್ಲಾಸ್ಟಿಕ್ ಹೊದಿಕೆ, ಅಂಟು, ಮಡಿಕೆ, ಅದು ಯಾರ ಮನೆಯಿಂದ ಬಂತು ಎಂಬ ಹೇಳಿಕೆ. ಮೇಣದ ಹೊದಿಕೆಯನ್ನು ಬಿಸಿ ಮಾಡಿ ಬಿಚ್ಚಿ, ಒಳ್ಳೆಯ ಕಾರ್ಡು ತೆಗೆದು, ಮತ್ತೆ ಅಂಟಿಸುವುದು ಈ ಪೇಟೆಯ ಹಳೆಯ ಮೋಸ. ಹಳೆಯ ಪೊಕೆಮಾನ್ ಪ್ಯಾಕುಗಳನ್ನು ತೂಕದ ಯಂತ್ರದ ಮೇಲಿಟ್ಟು, ಹೊಳೆಯುವ ಕಾರ್ಡಿರುವ ಭಾರದವನ್ನು ಇಟ್ಟುಕೊಂಡು ಹಗುರದವನ್ನು ಮಾರುವುದು ಇನ್ನೊಂದು. ಅದಕ್ಕೇ ಅಲ್ಲವೇ ಪರಿಶೀಲನಾ ಸಂಸ್ಥೆಗಳಿರುವುದು ಎನ್ನುತ್ತಾರೆ. ಆ ಸಂಸ್ಥೆಗಳ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ, ಅವುಗಳ ಕಣ್ಣಿಗೆ ಎಟುಕುವಷ್ಟನ್ನು ನೆನಪಿಸುತ್ತಿದ್ದೇನೆ. ಯೂಟ್ಯೂಬಿನ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡ ಆರು ಪೆಟ್ಟಿಗೆಗಳ ಪೊಕೆಮಾನ್ ಕೇಸು ಪರಿಶೀಲನೆಯಾಗಿ ಪ್ರಮಾಣಪತ್ರ ಪಡೆದದ್ದೇ ಆಗಿತ್ತು. 2022ರ ಜನವರಿಯಲ್ಲಿ ಪರಿಶೀಲಿಸಿದವರ ಎದುರಿಗೇ ಅದನ್ನು ಒಡೆದಾಗ ಒಳಗಿದ್ದದ್ದು ಜಿ.ಐ. ಜೋ ಕಾರ್ಡುಗಳು. ಇದನ್ನು ಒಂದು ಅಪವಾದ ಎಂದು ತಳ್ಳಿಹಾಕುವವರಿಗೆ ನನ್ನ ಉತ್ತರ ಇಷ್ಟೇ: ಅದು ನಕಲಿ ಎಂದು ತಿಳಿದದ್ದು ಒಡೆದದ್ದರಿಂದ. ಒಡೆಯದಿದ್ದರೆ ಅದೇ ಕೇಸು ಇವತ್ತಿಗೂ ಕೈಯಿಂದ ಕೈಗೆ, ಪ್ರತಿ ಸಲವೂ ಹೆಚ್ಚಿನ ಬೆಲೆಗೆ ದಾಟುತ್ತಿತ್ತು. ಒಡೆಯದೆ ಉಳಿದವುಗಳಲ್ಲಿ ಇಂಥವು ಎಷ್ಟಿವೆ ಎಂದು ಎಣಿಸುವ ದಾರಿಯೇ ಇಲ್ಲದಿರುವಾಗ ‘ಸುರಕ್ಷಿತ’ ಎಂಬ ಮಾತು ಯಾವ ಬಾಯಿಂದ ಬರುತ್ತದೆ?

ಪೆಟ್ಟಿಗೆಗಳ ಸಂಖ್ಯೆ ಕಡಿಮೆಯಾಗುತ್ತಲೇ ಹೋಗುತ್ತದೆ, ಹಾಗಾಗಿ ಬೆಲೆ ಏರಲೇಬೇಕು ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ವಾದ. ಒಂದು ಪೆಟ್ಟಿಗೆ ಒಡೆದರೆ ಸೀಲಿನದು ಒಂದು ಕಡಿಮೆಯಾಗುವುದು ನಿಜ. ಆದರೆ ಒಳಗಿನ ಕಾರ್ಡುಗಳು ಸುಟ್ಟುಹೋಗುವುದಿಲ್ಲ; ಪೇಟೆಗೆ ಬಂದು ಬಿಡಿ ಕಾರ್ಡುಗಳ ಬೆಲೆ ಇಳಿಸುತ್ತವೆ. ಪೆಟ್ಟಿಗೆಯ ಬೆಲೆ ನಿಂತಿರುವುದೇ ಬಿಡಿ ಕಾರ್ಡಿನ ಬೆಲೆಯ ಮೇಲೆ. 2021ರ ಜನವರಿಯಲ್ಲಿ ಹತ್ತರ ದರ್ಜೆಯ ಜೋರ್ಡನ್ 7.38 ಲಕ್ಷ ಡಾಲರಿಗೆ ಹೋಯಿತು; ಮುಂದಿನ ವರ್ಷದ ಹೊತ್ತಿಗೆ 2 ಲಕ್ಷದ ಆಸುಪಾಸಿಗೆ ಇಳಿದಿತ್ತು. ಈ ನಡುವೆ ಜೋರ್ಡನ್ ಆಡಿದ ಆಟವೂ ಬದಲಾಗಲಿಲ್ಲ, ಕಾರ್ಡುಗಳೂ ರಾಶಿ ರಾಶಿ ಹುಟ್ಟಲಿಲ್ಲ. ಕೊಳ್ಳುವವರ ಉತ್ಸಾಹ ಇಳಿಯಿತು, ಅಷ್ಟೇ. ಹಳತಾಗುವುದೇ ಬೆಲೆ ಎಂಬ ನಂಬಿಕೆಯಂತೂ ನಿಲ್ಲುವುದೇ ಇಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆ ಮತ್ತು 90ರ ಮೊದಲ ವರ್ಷಗಳಲ್ಲಿ ಮಿತಿಮೀರಿ ಅಚ್ಚಾದ ಬೇಸ್‌ಬಾಲ್ ಕಾರ್ಡುಗಳ ಪೆಟ್ಟಿಗೆಗಳನ್ನು, ಮಕ್ಕಳ ಕಾಲೇಜು ಖರ್ಚಿಗಾಗುತ್ತದೆ ಎಂದು ಎಷ್ಟೋ ಮನೆಗಳು ಸೀಲ್ ಒಡೆಯದೆ ಕಾಪಾಡಿಟ್ಟವು. ಮೂವತ್ತು ವರ್ಷ ದಾಟಿದರೂ ಅವುಗಳಲ್ಲಿ ಹೆಚ್ಚಿನವನ್ನು ಕೇಳುವವರಿಲ್ಲ. ಆ ಕಾಲಕ್ಕೆ ಆ ಸಲಹೆ ಕೊಟ್ಟವರು ಬಳಸಿದ ಪದವೂ ಹೂಡಿಕೆಯೇ.

ಹಳೆಯ ವೈನನ್ನೂ ಬಾಟಲಿ ತೆರೆಯದೆಯೇ ಮಾರುತ್ತಾರಲ್ಲ ಎಂಬ ಹೋಲಿಕೆ ಕೊಡುವವರು ರೂಡಿ ಕುರ್ನಿಯಾವಾನ್‌ನನ್ನು ಮರೆತಿದ್ದಾರೆ. ಅಗ್ಗದ ವೈನನ್ನು ಬೆರೆಸಿ, ಹಳೆಯ ಲೇಬಲ್ ಅಂಟಿಸಿ ಅಮೆರಿಕದ ಶ್ರೀಮಂತರಿಗೆ ವರ್ಷಗಟ್ಟಲೆ ಮಾರಿದ ಅವನಿಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು. ಮುಚ್ಚಿದ ಬಾಟಲಿಯ ಮೇಲಿನ ಭರವಸೆಯೇ ಅವನ ದಾರಿಯಾಗಿತ್ತು. ಆ ಹೋಲಿಕೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಒಂದು ಬಗೆಯ ಕೊಳ್ಳುವವರ ಬಗ್ಗೆ ಮಾತ್ರ ನನಗೆ ತಕರಾರಿಲ್ಲ. ಬಾಲ್ಯದಲ್ಲಿ ಅಂಗಡಿಯ ಗಾಜಿನ ಹಿಂದೆ ಕಂಡ ಪೆಟ್ಟಿಗೆ, ಅದರ ಬಣ್ಣ, ಮುಚ್ಚಳದ ಚಿತ್ರ, ಇವೇ ಬೇಕು ಎಂದು ಕೊಳ್ಳುವವರು ಕಂಡದ್ದಕ್ಕೆ ದುಡ್ಡು ಕೊಡುತ್ತಾರೆ. ಅವರಿಗೆ ಒಳಗಿನದು ಮುಖ್ಯವಲ್ಲ, ನಾಳಿನ ಬೆಲೆಯೂ ಮುಖ್ಯವಲ್ಲ. ಆ ಪ್ರೀತಿಗೆ ಎಷ್ಟು ಕೊಡಬೇಕೆಂಬುದು ಅವರವರ ಕಿಸೆಗೆ ಬಿಟ್ಟದ್ದು. ನನ್ನ ಮಾತು ಅದೇ ಬಾಲ್ಯದ ಆಸೆಯನ್ನು ಹಿಡಿದುಕೊಂಡು, ಉಳಿತಾಯದ ದುಡ್ಡನ್ನು ಇಲ್ಲಿ ಸುರಿಯಿರಿ ಎಂದು ದುಡಿಯುವ ಹುಡುಗರ ಬೆನ್ನು ಹತ್ತುವ ಮಾರಾಟಗಾರರ ಬಗ್ಗೆ. ತಮ್ಮ ಪೆಟ್ಟಿಗೆಯೊಳಗೆ ಕೇಳುವ ಬೆಲೆಗೆ ತಕ್ಕ ಕಾರ್ಡುಗಳಿವೆ ಎಂದು ಅವರು ನಂಬಿದ್ದರೆ, ಸೀಲನ್ನು ಅವರೇ ಒಡೆಯುತ್ತಿದ್ದರು.