ಅಪರಾಧವಲ್ಲ ಎಂದರೆ

2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡವು ಬಳ್ಳಾರಿ ಟಸ್ಕರ್ಸ್ ತಂಡವನ್ನು 8 ರನ್ನುಗಳಿಂದ ಸೋಲಿಸಿ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದಾಗ ಹಿಗ್ಗಿದವರಲ್ಲಿ ನಾನೂ ಒಬ್ಬ. ನವೆಂಬರದಲ್ಲಿ ಬಳ್ಳಾರಿಯ ನಾಯಕ ಸಿ. ಎಂ. ಗೌತಮ್ ಹಾಗೂ ಅಬ್ರಾರ್ ಕಾಜಿ ಅವರ ಬಂಧನವಾಯಿತು. ಅದೇ ಪಂದ್ಯದಲ್ಲಿ ಹಣ ಪಡೆದು ನಿಧಾನವಾಗಿ ಆಡಿದರೆಂಬುದು ಆರೋಪ. ಪತ್ರಿಕೆಗಳಲ್ಲಿ ಕೆಲವು ಅಂದೇ ತೀರ್ಪು ಕೊಟ್ಟವು. ನಮ್ಮ ಓಣಿಯ ಕಟ್ಟೆ ಶಿಕ್ಷೆಯನ್ನೂ ವಿಧಿಸಿತು.

2022ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು ಮೊಕದ್ದಮೆಯನ್ನು ರದ್ದುಗೊಳಿಸಿದಾಗ ಅದೇ ಕಟ್ಟೆ ಇಬ್ಭಾಗವಾಯಿತು. ತಪ್ಪಿತಸ್ಥರು ಪಾರಾದರೆಂದು ಕೆಲವರು, ನಿರ್ದೋಷಿಗಳೆಂದು ಸಿದ್ಧವಾಯಿತೆಂದು ಕೆಲವರು. ತೀರ್ಪಿನಲ್ಲಿ ಇವೆರಡೂ ಇಲ್ಲ. ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅಪ್ರಾಮಾಣಿಕತೆಯಾಗಬಹುದು, ಅದಕ್ಕೆ ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಯ ಕೆಲಸ; ಆದರೆ ಪ್ರೇಕ್ಷಕನು ಟಿಕೆಟ್ಟನ್ನು ತಾನಾಗಿಯೇ ಕೊಳ್ಳುವುದರಿಂದ ದಂಡಸಂಹಿತೆಯ 420ನೆಯ ಕಲಮಿನ ವಂಚನೆ ಅದಾಗದು ಎಂದಷ್ಟೇ ನ್ಯಾಯಾಲಯ ಹೇಳಿತು.

ಕಾನೂನಿನಲ್ಲಿಲ್ಲದ ಅಪರಾಧವನ್ನು ನ್ಯಾಯಾಧೀಶರು ಹುಟ್ಟಿಸಬಾರದು, ಒಪ್ಪಿದೆ. ಆದರೂ ನಾವು ತಾನಾಗಿ ಕೊಂಡದ್ದು ಆಟದ ಟಿಕೆಟ್ಟನ್ನಲ್ಲವೆ? ನಾಟಕಕ್ಕೆ ಕಂಪನಿಗಳು ಬೇರೆ ಇವೆ. ಸಾಕ್ಷಿಗಳ ವಿಚಾರಣೆಯೇ ನಡೆಯದ್ದರಿಂದ ಕಳಂಕ ತೊಳೆದುಕೊಳ್ಳುವ ಅವಕಾಶ ಆ ಆಟಗಾರರಿಗೆ ಸಿಗಲಿಲ್ಲ. ಬಂಧನದ ದಿನದ ದಪ್ಪಕ್ಷರ ಇಂದಿಗೂ ಅವರ ಬೆನ್ನಿಗಿದೆ. ರಾಜ್ಯದ ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಕಲಮಿನ ಅರ್ಥ ಅಲ್ಲಿ ತಿಳಿದೀತು. ಆ 8 ರನ್ನುಗಳನ್ನು ನಮ್ಮವರು ನಿಜವಾಗಿ ಗಳಿಸಿದರೆ ಎಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದಾನೆ. ಅವನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.