ಬಾಯಾರಿಕೆಗೆ ಭಾಷ್ಯವೇಕೆ?

ಶಿಲುಬೆಯ ಮೇಲೆ ಯೇಸುಸ್ವಾಮಿ ಆಡಿದ ಏಳು ಮಾತುಗಳಲ್ಲಿ ಐದನೆಯದು ಬಹಳ ಚಿಕ್ಕದು. ತನಗೆ ಬಾಯಾರಿಕೆಯಾಗಿದೆ ಎಂಬುದಷ್ಟೇ ಅದರ ಅರ್ಥ. ಶುಭ ಶುಕ್ರವಾರದಂದು ಈ ಏಳು ಮಾತುಗಳನ್ನು ಕುರಿತು ಉಪದೇಶ ಮಾಡುವುದು ನಮ್ಮ ದೇವಾಲಯಗಳಲ್ಲಿ ವಾಡಿಕೆ. 2024ರ ಮಾರ್ಚ್ 29ರಂದು ಬೆಂಗಳೂರಿನ ಒಂದು ದೇವಾಲಯದಲ್ಲಿ ಕುಳಿತು ನಾನೂ ಕೇಳಿದೆ. ಉಪದೇಶಕರು ವಿದ್ವಾಂಸರು, ಆ ಬಾಯಾರಿಕೆ ಗಂಟಲಿನದಲ್ಲ, ಆತ್ಮಗಳ ಉದ್ಧಾರಕ್ಕಾಗಿ ಪಟ್ಟದ್ದು ಎಂದು ಇಪ್ಪತ್ತು ನಿಮಿಷ ನಿರೂಪಿಸಿದರು. ಹೊರಗೆ ಬಂದರೆ, ಗೇಟಿನ ಬಳಿ ಒಬ್ಬ ಹೆಂಗಸು ಎರಡು ಪ್ಲಾಸ್ಟಿಕ್ ಕೊಡಗಳನ್ನಿಟ್ಟುಕೊಂಡು ನಿಂತಿದ್ದಳು. ಆವರಣದ ಕೊಳವೆಬಾವಿಯಲ್ಲಿ ಆಗಲೂ ನೀರಿತ್ತು. "ಕಮಿಟಿಯವರ ಅಪ್ಪಣೆಯಿಲ್ಲಮ್ಮ" ಎಂದು ಕಾವಲುಗಾರ ಅವಳನ್ನು ಹಿಂದಕ್ಕೆ ಕಳುಹಿಸುತ್ತಿದ್ದ. ನಾವೆಲ್ಲ ಅವಳ ಪಕ್ಕದಲ್ಲೇ ಹಾದುಹೋದೆವು. ನಾನೂ ಹೋದೆ.

ಅದು ಎಂಥ ಬೇಸಿಗೆಯೆಂಬುದು ವಾಚಕರಿಗೆ ನೆನಪಿರಬಹುದು. 2023ರ ಮಳೆ ಕೈಕೊಟ್ಟಿತ್ತು. ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆಯೆಂದು ಮುಖ್ಯಮಂತ್ರಿಗಳೇ ಹೇಳಿದ್ದರು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತರುವ ಕಾವೇರಿ ಹೊರಬಡಾವಣೆಗಳ ಎಷ್ಟೋ ಮನೆಗಳಿಗೆ ತಲುಪಿರಲಿಲ್ಲ. ಅಂಥ ದಿನ, ಊರೆಲ್ಲ ನಿಜವಾಗಿ ಬಾಯಾರಿರುವಾಗ, ಬಾಯಾರಿಕೆಯೆಂದರೆ ಬಾಯಾರಿಕೆಯಲ್ಲ ಎಂದು ಸಾಧಿಸುವ ಪಾಂಡಿತ್ಯಕ್ಕೆ ಏನೆನ್ನಬೇಕು?

ಜೀವಜಲದ ಉಪದೇಶ ಬಂದದ್ದೇ ಒಂದು ಬಾವಿಯ ಕಟ್ಟೆಯಿಂದ. ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ನೋಡಿ. ನಡುಹಗಲು, ನಡೆದು ದಣಿದ ಯೇಸು ಯಾಕೋಬನ ಬಾವಿಯ ಬಳಿ ಕುಳಿತಿದ್ದಾನೆ. ಬಾವಿ ಆಳವಾದದ್ದು, ಸೇದಲು ಆತನಲ್ಲಿ ಏನೂ ಇಲ್ಲ. ಕೊಡ ಹಿಡಿದು ಬಂದವಳು ಸಮಾರ್ಯದ ಹೆಂಗಸು. ಯೆಹೂದ್ಯರು ಅವಳ ಜನರೊಡನೆ ಬಳಕೆಯಿಟ್ಟುಕೊಳ್ಳುತ್ತಿರಲಿಲ್ಲ. ಆತ ಮೊದಲು ಕೇಳಿದ್ದು ಕುಡಿಯುವ ನೀರನ್ನು, ವೇದಾಂತ ಬಂದದ್ದು ಆಮೇಲೆ. ನಾವು ಮಾತ್ರ ಆ ಮೊದಲ ಮಾತನ್ನು ಹಾರಿಸಿ ಎರಡನೆಯದನ್ನು ಹಿಡಿದುಕೊಂಡಿದ್ದೇವೆ. ಹಾಗೆ ಹಿಡಿದರೆ ನಾವು ಜೀವಜಲ ಹಂಚುವ ದೊಡ್ಡವರಾಗುತ್ತೇವೆ. ಆದರೆ ಆ ಕಥೆಯಲ್ಲಿ ಕೊಡವಿದ್ದವಳು ಆ ಹೆಂಗಸು, ಕೈಯೊಡ್ಡಿದವನು ಸ್ವಾಮಿ. ಇಂದು ಕೊಡ ಇರುವುದು ನಮ್ಮ ಬಳಿ. ಹಾಗಾದರೆ ಗೇಟಿನ ಹೊರಗೆ ನಿಂತಿದ್ದವರು ಯಾರು?

"ಎಲ್ಲರಿಗೂ ಕೊಟ್ಟರೆ ನಮ್ಮ ಬಾವಿಯೂ ಬತ್ತೀತು" ಎನ್ನುತ್ತಾರೆ ಕಮಿಟಿಯ ಹಿರಿಯರು. ಈ ಭಯ ಸುಳ್ಳಲ್ಲ. ಆದರೆ "ನಮ್ಮ ಬಾವಿ" ಎಂಬ ಮಾತು ಎಷ್ಟರಮಟ್ಟಿಗೆ ನಿಜ? ಕಾಂಪೌಂಡು ಗೋಡೆ ನೆಲದ ಮೇಲಿದೆಯೇ ಹೊರತು ನೆಲದೊಳಗಿನ ನೀರಿಗೆ ಗೋಡೆಯಿಲ್ಲ. ನಮ್ಮ ಪಂಪು ಎಳೆಯುವುದರಲ್ಲಿ ಪಕ್ಕದ ಬೀದಿಯವರ ಪಾಲೂ ಇದೆ. ಅವರ ನೀರನ್ನು ಅವರಿಗೆ ಕೊಡುವುದು ದಾನವಲ್ಲ, ಋಣ ತೀರಿಸುವುದು.

ಬತ್ತುವ ಭಯಕ್ಕೆ ಮದ್ದು ಬೀಗವಲ್ಲ, ಮಾಡು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಅಂದರೆ 5,000 ಚದರಡಿ ಮಾಡಿನ ಮೇಲೆ ಬೀಳುವ ನೀರು ನಾಲ್ಕೂವರೆ ಲಕ್ಷ ಲೀಟರ್. ಅರ್ಧ ಪೋಲಾದರೂ 6,000 ಲೀಟರಿನ ಮೂವತ್ತೈದು ಟ್ಯಾಂಕರುಗಳಿಗೆ ಮಿಗಿಲು. ಅದನ್ನು ಹಿಡಿದು ನೆಲಕ್ಕೆ ಇಂಗಿಸಿ; ಬೀದಿಯ ಕಡೆಗೊಂದು ನಲ್ಲಿಯಿಟ್ಟು ದಿನಕ್ಕೆರಡು ಗಂಟೆ ಬಿಡಿ. ಬಾಯಾರಿದವನಿಗೆ ಕುಡಿಯಲು ಕೊಟ್ಟಿರೋ ಇಲ್ಲವೋ ಎಂಬ ಪ್ರಶ್ನೆಯನ್ನು ಮತ್ತಾಯನ ಸುವಾರ್ತೆ ಅಂತಿಮ ತೀರ್ಪಿಗೇ ಇಟ್ಟಿದೆ. ಅಲ್ಲಿ ಉಪದೇಶದ ಟಿಪ್ಪಣಿಯನ್ನು ಯಾರೂ ಕೇಳುವುದಿಲ್ಲ.

ಆ ವರ್ಷ ಆಮೇಲೆ ಮಳೆ ಬಂತು, ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತವೂ ಬಂತು, ನಾವು ಮರೆತೆವು. ಆದರೆ ಬೇಸಿಗೆಯೂ ಶುಭ ಶುಕ್ರವಾರವೂ ಪ್ರತಿ ವರ್ಷ ಜೊತೆಯಾಗಿಯೇ ಬರುತ್ತವೆ. ಮುಂದಿನ ಸಲ ಉಪದೇಶಕರು ಐದನೆಯ ಮಾತಿಗೆ ಬಂದಾಗ ಹತ್ತು ನಿಮಿಷ ಕಡಿಮೆ ಮಾತನಾಡಲಿ. ಅಷ್ಟರಲ್ಲಿ ಎರಡು ಕೊಡ ತುಂಬುತ್ತವೆ.