ತೊಳೆಯುವ ಯಂತ್ರವನ್ನು ತೊಳೆಯುವವರಾರು?

ರತ್ನಗಂಬಳಿಯನ್ನು ತೊಳೆಯುವ ಯಂತ್ರದ ವಿಷಯ ಸಾಹಿತ್ಯದ ಪುಟದಲ್ಲಿ ಕಾಣಿಸಿಕೊಂಡುದಕ್ಕೆ ವಾಚಕರು ಹುಬ್ಬೇರಿಸಬಹುದು. ಕನ್ನಡದ ಅಧ್ಯಾಪಕನಿಗೆ ಈ ಗೊಡವೆ ಏಕೆಂದು ನನ್ನ ಸಹೋದ್ಯೋಗಿಗಳೂ ಕೇಳಿದ್ದಾರೆ. ಆ ಯಂತ್ರ ಕೆಟ್ಟಿತೆಂದೂ ಕೆಡಿಸಿದವನು ಇಂಥವನೆಂದೂ ಹೇಳಿದ ವರದಿಗೆ ರುಜು ಹಾಕಿದ ಮೂವರಲ್ಲಿ ನಾನೂ ಒಬ್ಬ. ಗೊಡವೆ ಅಲ್ಲಿಂದ ಹತ್ತಿಕೊಂಡಿತು.

ನಮ್ಮ ಕಾಲೇಜಿನ ಸಭಾಂಗಣದ ವೇದಿಕೆಗೆ ಒಂದು ರತ್ನಗಂಬಳಿಯುಂಟು. ಹಾರಗಳಿಂದ ಉದುರಿದ ಎಸಳು, ದೀಪ ಬೆಳಗುವಾಗ ತುಳುಕಿದ ಎಣ್ಣೆ, ಅತಿಥಿಗಳ ಕಾಫಿ, ನಾಟಕದ ಹುಡುಗರ ಮುಖದ ಬಣ್ಣ ಇವೆಲ್ಲವನ್ನೂ ಅದು ಬಹುಕಾಲದಿಂದ ಸಹಿಸಿಕೊಂಡು ಬಂದಿದೆ. ತಪಾಸಣಾ ಸಮಿತಿಯೊಂದು ಬರುವುದಿತ್ತಾಗಿ, ಕೈಯಲ್ಲಿ ಹಿಡಿದೊಯ್ಯಬಹುದಾದ ಯಂತ್ರವೊಂದನ್ನು ಆತುರಾತುರವಾಗಿ ಕೊಂಡೆವು. ದಾಸ್ತಾನು ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ಬಿತ್ತು. ಕೈಪಿಡಿಯೂ ಬಿಲ್ಲೂ ಒಟ್ಟಿಗೆ ಕಚೇರಿಯ ಬೀರುವನ್ನು ಸೇರಿದವು. ಯಂತ್ರ ಅಟೆಂಡರ್ ಕೈಯನ್ನು ಸೇರಿತು. ಆಯುಧಪೂಜೆಯಂದು ಅದಕ್ಕೂ ಚೆಂಡುಹೂವಿನ ಸರ, ಅರಿಶಿನ ಕುಂಕುಮ ಸಂದವು. ಒಳಗಿನ ಡಬ್ಬದಲ್ಲಿ ಹಿಂದಿನ ತಿಂಗಳ ಕೊಳೆನೀರು ಹಾಗೆಯೇ ನಿಂತಿತ್ತೆಂಬುದು ಯಾರಿಗೂ ತೋಚಲಿಲ್ಲ.

ಹದಿನಾಲ್ಕು ತಿಂಗಳಿಗೆ ಯಂತ್ರ ಕೈಕೊಟ್ಟಿತು. ಸದ್ದೇನೋ ಮಾಡುತ್ತಿತ್ತು, ನೀರನ್ನು ಎಳೆಯುತ್ತಿರಲಿಲ್ಲ. ತೊಳೆದ ಜಾಗ ಮೂರು ದಿನವಾದರೂ ಆರದೆ, ವಾರ್ಷಿಕೋತ್ಸವದ ಮುಖ್ಯ ಅತಿಥಿಗಳು ಮೂಗಿನಿಂದ ಕರವಸ್ತ್ರ ತೆಗೆಯಲಿಲ್ಲ. ಸೇವಾಕೇಂದ್ರಕ್ಕೆ ಕಳುಹಿಸಿದರೆ, ಖಾತರಿಯ ಅವಧಿ ಮುಗಿದಿದೆ, ಬಿಡಿಭಾಗ ದೊರೆಯದು, ಹೊಸದನ್ನು ಕೊಳ್ಳುವುದೇ ಲೇಸು ಎಂಬ ಉತ್ತರ ಬಂತು. ಸಮಿತಿ ಕುಳಿತಿತು. 'ಅಜಾಗರೂಕ ಬಳಕೆ' ಎಂದು ಬರೆದೆವು. ಬೆಲೆಯನ್ನು ಅಟೆಂಡರ್ ಸಂಬಳದಿಂದ ಕಂತುಗಳಲ್ಲಿ ಹಿಡಿಯತಕ್ಕದ್ದೆಂದು ತೀರ್ಮಾನವಾಯಿತು. ನಮ್ಮಲ್ಲಿ ಒಬ್ಬರೂ ಆ ಯಂತ್ರವನ್ನು ಮುಟ್ಟಿ ನೋಡಿರಲಿಲ್ಲ.

ಎರಡನೆಯ ಕಂತು ಹಿಡಿದ ಮೇಲೆ ಆತ ನನ್ನ ಬಳಿಗೆ ಬಂದ. ವಾದ ಹೂಡಲಿಲ್ಲ. "ಒಂದ್ಸಲ ಬಿಚ್ಚಿಸಿ ನೋಡಿ ಸಾರ್, ಆಮೇಲೆ ಬೇಕಾದ್ದು ಬರ್ಕೊಳ್ಳಿ" ಎಂದ. ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಬೀದಿಯಂಗಡಿಯೊಂದಕ್ಕೆ ಇಬ್ಬರೂ ಯಂತ್ರವನ್ನು ಹೊತ್ತುಕೊಂಡು ಹೋದೆವು.

ಅದರ ಹೊಟ್ಟೆಯೊಳಗಿನ ಏರ್ಪಾಡು ಸರಳವಾದದ್ದು. ಒಂದು ಡಬ್ಬದಲ್ಲಿ ಮಾರ್ಜಕ ಬೆರೆಸಿದ ನೀರು. ಸಣ್ಣದೊಂದು ಪಂಪು ಅದನ್ನು ಮೂತಿಯ ರಂಧ್ರದಿಂದ ಕಂಬಳಿಯ ಎಳೆಗಳಿಗೆ ಚಿಮ್ಮಿಸುತ್ತದೆ, ಬ್ರಷ್ಷು ಕೊಳೆಯನ್ನು ಸಡಿಲಿಸುತ್ತದೆ. ಮೋಟಾರು ತಿರುಗಿಸುವ ಫ್ಯಾನು ಇನ್ನೊಂದು ಡಬ್ಬದ ಗಾಳಿಯನ್ನು ಹೊರಗೆಳೆದಾಗ, ಆ ಸೆಳೆತಕ್ಕೆ ಕೊಳೆನೀರು ಕೊಳವೆಯಲ್ಲಿ ಹಿಂದಿರುಗಿ ಬಂದು ಅಲ್ಲಿ ಬೀಳುತ್ತದೆ. ಡಬ್ಬ ತುಂಬಿ ನೀರು ಮೋಟಾರಿಗೆ ಏರದಿರಲೆಂದು ತೇಲುಬೆಂಡೊಂದು ಮೇಲೆದ್ದು ದಾರಿಯನ್ನು ಮುಚ್ಚುತ್ತದೆ. ಸಂದಿಗಳಲ್ಲಿ ಗಾಳಿ ನುಸುಳದಂತೆ ರಬ್ಬರಿನ ಬಳೆಗಳಿವೆ. ಇಷ್ಟೇ.

ಬಿಚ್ಚಿದಾಗ ಕಂಡದ್ದೇನು? ಚಿಮ್ಮುವ ರಂಧ್ರದಲ್ಲಿ ಸುಣ್ಣ ಕಟ್ಟಿತ್ತು. ನಮ್ಮ ಕೊಳವೆಬಾವಿಯ ಗಡಸು ನೀರಿನ ಪ್ರಸಾದ. ಕೊಳವೆಯ ತಿರುವಿನಲ್ಲಿ ಕೂದಲೂ ನೂಲೂ ಸೇರಿ ಬೆರಳುದ್ದದ ಗಂಟಾಗಿತ್ತು. ಕೊಳೆನೀರಿನ ಡಬ್ಬದ ಗೋಡೆಗೆ ಲೋಳೆ ಹತ್ತಿತ್ತು. ದುರ್ವಾಸನೆಯ ಮೂಲ ಅದು. ಒಂದು ರಬ್ಬರ್ ಬಳೆ ಸೀಳಿತ್ತು. ಮೋಟಾರು ಮಾತ್ರ ನಿಕ್ಷೇಪವಾಗಿತ್ತು! ಅಂಗಡಿಯವರು ಡಬ್ಬದಲ್ಲಿ ಒಣಗಿ ನಿಂತಿದ್ದ ನೊರೆಯ ಗುರುತನ್ನು ತೋರಿಸಿ "ಇದಕ್ಕೆ ಬಟ್ಟೆ ಸೋಪಿನ ಪುಡಿ ಹಾಕಿದೋರು ಯಾರು?" ಎಂದರು. ಅಟೆಂಡರ್ ತಲೆ ತಗ್ಗಿಸಿದ. ನೊರೆಯುಕ್ಕಿದರೆ ಡಬ್ಬ ತುಂಬುವ ಮೊದಲೇ ಬೆಂಡು ಮೇಲೇರಿ ಸೆಳೆತ ನಿಲ್ಲುತ್ತದೆ. ನೊರೆ ಮೋಟಾರಿಗೂ ನುಗ್ಗಬಹುದು. ಹಾಗಾದರೆ ತಪ್ಪು ಅವನದೇ ಆಯಿತಲ್ಲ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ನೆಮ್ಮದಿ ಮೂಡಿದ್ದುಂಟು. ಅದು ಬಹಳ ಹೊತ್ತು ಬಾಳಲಿಲ್ಲ. ಯಂತ್ರದೊಡನೆ ಬಂದ ದ್ರಾವಣದ ಸೀಸೆ ನಾಲ್ಕನೆಯ ತಿಂಗಳಿಗೇ ಮುಗಿದಿತ್ತು. ಆತ ಇಂಡೆಂಟ್ ಬರೆದುಕೊಟ್ಟಿದ್ದ. ಕಾಗದ ಕಚೇರಿಯಲ್ಲಿಯೇ ಇತ್ತು, ಮಂಜೂರಾಗಿರಲಿಲ್ಲ. ಸಮಾರಂಭಗಳು ಮಾತ್ರ ನಿಲ್ಲಲಿಲ್ಲವಷ್ಟೆ.

ನಮ್ಮ ಕಚೇರಿಯ ಭಾಷೆಯಲ್ಲಿ ವಸ್ತುವಿನ ಜೀವನಕ್ಕೆ ಎರಡೇ ಸಂಸ್ಕಾರಗಳಿವೆ: ಖರೀದಿ, ವಿಲೇವಾರಿ. ನಡುವಿನ ಬಾಳಿಗೆ ಅಂಕಣವಿಲ್ಲ. ಖರೀದಿಗೆ ಮೂರು ದರಪಟ್ಟಿಗಳನ್ನು ತರಿಸುತ್ತೇವೆ, ಸೀಸೆ ದ್ರಾವಣಕ್ಕೆ ಹಣವಿಲ್ಲ ಎನ್ನುತ್ತೇವೆ. ಕೆಲಸವಾದ ಮೇಲೆ ಎರಡೂ ಡಬ್ಬಗಳನ್ನು ಬರಿದು ಮಾಡಿ, ಕೊಳವೆಯಲ್ಲಿ ಶುದ್ಧ ನೀರು ಹಾಯಿಸಿ, ಕೂದಲು ಬಿಡಿಸಿ, ಮುಚ್ಚಳ ತೆರೆದು ಒಣಗಲಿಡುವುದಕ್ಕೆ ಕಾಲುಗಂಟೆ ಬೇಕು. ಸಮಾರಂಭ ಮುಗಿಯುತ್ತಲೇ ಕುರ್ಚಿ ಜೋಡಿಸಲು ಓಡಬೇಕಾದವನಿಗೆ ಆ ಕಾಲುಗಂಟೆಯನ್ನು ನಾವು ಕೊಟ್ಟೇ ಇರಲಿಲ್ಲ. ಹಿಂದಿನವರು ನಮಗಿಂತ ಜಾಣರೆಂದು ಹೊಗಳುವ ಚಪಲ ನನಗಿಲ್ಲ. ಆದರೂ ಹಿತ್ತಾಳೆಯ ಪಾತ್ರೆ ಕೊಂಡ ಮನೆ, ಅದಕ್ಕೆ ಆಗಾಗ ಕಲಾಯಿ ಆಗಬೇಕೆಂಬುದನ್ನು ಕೊಂಡ ದಿನವೇ ಬಲ್ಲುದಾಗಿತ್ತು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕಿಲುಬಿದರೆ ಅಡುಗೆಯವಳ ಸಂಬಳ ಹಿಡಿಯುತ್ತಿರಲಿಲ್ಲ.

ಇಂಥ ಯಂತ್ರಗಳು ಕೈಯಲ್ಲಿ ಹಿಡಿಯುವಷ್ಟು ಹಗುರವಾದ ಕಥೆಯೂ ಈ ಮಾತಿಗೆ ಸಲ್ಲುವಂಥದು. 1901ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ನಿರ್ಮಿಸಿದ ಧೂಳು ಹೀರುವ ಯಂತ್ರವನ್ನು ಕುದುರೆಗಳು ಎಳೆಯಬೇಕಾಗಿತ್ತು. ಅದನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಗಳಿಂದ ಒಳಗೆ ಹಾಯಿಸುತ್ತಿದ್ದರು. ಒಬ್ಬನೇ ತಳ್ಳಬಹುದಾದ ವಿದ್ಯುತ್ ಯಂತ್ರವನ್ನು ರೂಪಿಸಿ ಮಾರುಕಟ್ಟೆಗೆ ದಾರಿ ಮಾಡಿದವನು ಅಮೆರಿಕದ ಒಹಾಯೊ ಪ್ರಾಂತದ ಕ್ಯಾಂಟನ್ ಊರಿನ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಆತ ದೊಡ್ಡ ಮಳಿಗೆಯೊಂದರಲ್ಲಿ ಕಸಗುಡಿಸುತ್ತಿದ್ದವನು, ಉಬ್ಬಸದ ರೋಗಿ. ಕಂಬಳಿಯ ಧೂಳಿಗೆ ಉಸಿರು ಕಟ್ಟಿ, ಫ್ಯಾನಿನ ಮೋಟಾರು, ಪೊರಕೆಯ ಕೋಲು, ದಿಂಬಿನ ಚೀಲ ಸೇರಿಸಿ ಯಂತ್ರ ಹೂಡಿದ. 1908ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಹಕ್ಕು ಹೂವರ್ ಮನೆತನಕ್ಕೆ ಹೋಯಿತು. ಇಂಗ್ಲೆಂಡಿನಲ್ಲಿ ಇಂದಿಗೂ ಆ ಹೆಸರೇ ಗುಡಿಸುವುದಕ್ಕೆ ಕ್ರಿಯಾಪದ. ಗುಡಿಸುವವನ ಎದೆಯಿಂದ ಹುಟ್ಟಿದ ಯಂತ್ರದ ವಿಷಯದಲ್ಲಿ ಗುಡಿಸುವವನನ್ನೇ ಕೇಳದೆ ನಾವು ವರದಿ ಬರೆದೆವು.

ಬಿಡಿಭಾಗದ ಮಾತೊಂದು ಉಳಿಯಿತು. ಸೀಳಿದ ಆ ಬಳೆ ಬಿಡಿಯಾಗಿ ಎಲ್ಲಿಯೂ ಸಿಕ್ಕಲಿಲ್ಲ. ಅಂಗಡಿಯವರು ಸೈಕಲ್ ಟ್ಯೂಬಿನಿಂದ ಕತ್ತರಿಸಿ ಕೂರಿಸಿದರು. ಜಾಣತನವೇ ಸರಿ, ಆದರೆ ಜಾಣತನವೇ ಗತಿಯಾಗಬಾರದು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿಯನ್ನು ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ಹೊರಡಿಸಿದ ದುರಸ್ತಿ ನಿರ್ದೇಶನದ ಪಟ್ಟಿಯಲ್ಲಿ ಧೂಳು ಹೀರುವ ಯಂತ್ರವೂ ಸೇರಿದೆ. ಮಾರುವವನು ಬಳೆಯನ್ನೂ ಮಾರಲೇಬೇಕೆಂಬ ಕಟ್ಟಳೆ ನಮ್ಮಲ್ಲಿಯೂ ಬರಬೇಕು. ಸಂಸ್ಥೆಗಳು ಅದಕ್ಕೆ ಕಾದು ಕೂರಬೇಕಾಗಿಲ್ಲ; ಬಿಡಿಭಾಗ ಕೊಡದವನಿಂದ ಕೊಳ್ಳುವುದಿಲ್ಲವೆಂದು ದರಪಟ್ಟಿಯ ಕರಾರಿನಲ್ಲಿ ಒಂದು ಸಾಲು ಸೇರಿಸಬಹುದು.

ಕೈಪಿಡಿಯನ್ನು ಬೀರುವಿನಿಂದ ತೆಗೆಸಿ ನೋಡಿದೆ. ಇಂಗ್ಲಿಷು, ಇನ್ನೂ ಕೆಲವು ಭಾಷೆಗಳು, ಕನ್ನಡವಿಲ್ಲ. ನಾನೇ ಒಂದು ಪುಟದ ಸೂಚನೆ ಬರೆದೆ. ಇಪ್ಪತ್ತು ವರ್ಷ ಕನ್ನಡ ಬೋಧಿಸಿದವನಿಗೆ ಅಷ್ಟು ಕಷ್ಟದ ಗದ್ಯ ಎಂದೂ ಎದುರಾಗಿರಲಿಲ್ಲ. 'ಕಲುಷಿತ ಜಲಸಂಗ್ರಾಹಕವನ್ನು ರಿಕ್ತಗೊಳಿಸತಕ್ಕದ್ದು' ಎಂದು ಬರೆದಿದ್ದೆ. ಅಟೆಂಡರ್ ಓದಿ, "ಕೊಳೆನೀರಿನ ಡಬ್ಬ ಚೆಲ್ಲಿ ಅಂತ ಬರೀಬಾರದೇ ಸಾರ್?" ಎಂದ. ಬಿಚ್ಚುವ ಮೊದಲು ಪ್ಲಗ್ ಕೀಳಬೇಕೆಂಬುದನ್ನು ನಾನು ಮರೆತೇ ಬಿಟ್ಟಿದ್ದೆ. ಅದನ್ನು ಮೊದಲನೆಯ ಸಾಲಾಗಿ ಸೇರಿಸಿದವನು ಆತ. ಕಂಬಳಿಯ ಮೂಲೆಯಲ್ಲಿ ಒದ್ದೆಯ ಬಿಳಿ ಬಟ್ಟೆಯೊತ್ತಿ ಬಣ್ಣ ಬಿಡುವುದೋ ಎಂದು ಪರೀಕ್ಷಿಸುವುದು, ತೊಳೆದ ಮೇಲೆ ಫ್ಯಾನು ಹಾಕಿ ಆರಿಸುವುದು, ಇವೂ ಅವನ ಮಾತುಗಳೇ.

ಆ ಕಾಗದ ಈಗ ಯಂತ್ರವಿರುವ ಕೋಣೆಯ ಗೋಡೆಯ ಮೇಲಿದೆ. ದ್ರಾವಣದ ಸೀಸೆ ಬಂದಿದೆ. ನಮ್ಮ ವರದಿಯನ್ನು ಹಿಂತೆಗೆದುಕೊಳ್ಳುವ ಪತ್ರಕ್ಕೆ ಮೂವರೂ ರುಜು ಹಾಕಿದ್ದೇವೆ. ಸಂಬಳದಿಂದ ಹಿಡಿದ ಎರಡು ಕಂತುಗಳು ಮಾತ್ರ ಇನ್ನೂ ಹಿಂದಿರುಗಿಲ್ಲ. ಕಡತ ಲೆಕ್ಕಪತ್ರ ವಿಭಾಗದಲ್ಲಿದೆ ಎನ್ನುತ್ತಾರೆ. ನಾಳೆ ಸೋಮವಾರ, ಮತ್ತೊಮ್ಮೆ ಹೋಗಿ ಕೇಳುವವನಿದ್ದೇನೆ.